ಮ್ಯೂಸಿಯಂ ಹಿಂದಿನ ಹೋಟೆಲು, ನನಗೊಂದು ನಕ್ಷತ್ರ

ಮೊದಲೇ ಹೇಳಿಬಿಡುತ್ತೇನೆ: ಹೋಟೆಲು ಚೆನ್ನಾಗಿತ್ತು. ಯಾರು ಬೇಕಾದರೂ ಬರಲಿ, ನಡುರಸ್ತೆಯಲ್ಲಿ ನಿಲ್ಲಿಸಿ ಕೇಳಲಿ, ನನ್ನ ಮಾತು ಇದೇ. (ಇಲ್ಲಿ ಹೋಟೆಲು ಎಂದರೆ ತಿಂದು ಕೈತೊಳೆದು ಬರುವ ಹೋಟೆಲಲ್ಲ, ಪೆಟ್ಟಿಗೆ ಸಮೇತ ಹೋಗಿ ಮಲಗುವ ಹೋಟೆಲು. ನಮ್ಮ ಜನ ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ಮಿಕ್ಕಿದ್ದಕ್ಕೆಲ್ಲ ನಾನೇ ಹೊಣೆ ಎಂದು ನಮ್ಮ ಮನೆಯಲ್ಲಿ ಆಗಲೇ ತೀರ್ಮಾನವಾಗಿದೆ.)

ನನ್ನ ದೂರು ಶುರುವಾಗುವುದು ನನ್ನ ಷಡ್ಡಕರಿಂದ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನಿಂದ. ಅಣ್ಣತಮ್ಮಂದಿರನ್ನು ದೇವರು ಕೊಡುತ್ತಾನೆ, ಷಡ್ಡಕನನ್ನು ಮದುವೆ ಕೊಡುತ್ತದೆ. ಅಣ್ಣತಮ್ಮಂದಿರ ಜೊತೆ ಜಗಳವಾಡಿ ಪಾಲಾದರೂ ಕೇಳಬಹುದು. ಷಡ್ಡಕನಿಗೆ ನಗುತ್ತ ಕಾಫಿ ಕೊಡುವುದಲ್ಲದೆ ಬೇರೆ ದಾರಿಯಿಲ್ಲ. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ನಾನು ಅವರನ್ನು ಭಾವ ಎನ್ನುತ್ತೇನೆ. ಭಾವ ಔಷಧ ಕಂಪನಿಯೊಂದರಲ್ಲಿ ಮಾರಾಟದ ಮೇಲಧಿಕಾರಿ. ಊರೂರು ತಿರುಗುವ ಕೆಲಸ, ತಿಂಗಳಲ್ಲಿ ಅರ್ಧ ಹೋಟೆಲಿನ ಹಾಸಿಗೆಯ ಮೇಲೆ. ಹಾಗಾಗಿ ಲೋಕದ ಸಕಲ ವಿದ್ಯೆಯೂ ತಮಗೆ ದಿಂಬಿನ ಮೂಲಕ ತಲೆಗೆ ಇಳಿದಿದೆ ಎಂದು ಅವರ ನಂಬಿಕೆ. ಅವರದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ನನ್ನ ಹೆಂಡತಿಯ ನಂಬಿಕೆಯೂ ಅದೇ. ನಮ್ಮ ಮನೆಯ ಫ್ರಿಜ್ಜು ಭಾವನ ಆಯ್ಕೆ. ಪರದೆಯ ಬಣ್ಣ ಭಾವನ ಆಯ್ಕೆ. ಈಗ ನನ್ನ ಮೂಗಿನ ಮೇಲೆ ಕೂತಿರುವ ಕನ್ನಡಕದ ಚೌಕಟ್ಟು ಕೂಡ ಭಾವನದೇ ಆಯ್ಕೆ. ಲೋಕವನ್ನು ನಾನು ನೋಡುವುದೇ ಭಾವನ ಮುಖಾಂತರ ಎಂದಾಯಿತು.

ನಾನೇನೂ ಹೆಬ್ಬೆಟ್ಟಿನವನಲ್ಲ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನೇ. ಪದವಿ ಪತ್ರವನ್ನು ಎರಡು ಕೈಯಲ್ಲಿ ಹಿಡಿದು, ಎಳೆಗೂಸನ್ನು ನೋಡುವ ಹಾಗೆ ನೋಡಿ, "ಇನ್ನು ಈ ಮನೇಲಿ ನೀನು ಹೇಳಿದ್ದೇ ಮಾತು ಕಣಪ್ಪ" ಅಂದಿದ್ದರು ನಮ್ಮಪ್ಪ. ಮದುವೆಯಾಗುವ ತನಕ ಆ ಮಾತು ಚಾಲ್ತಿಯಲ್ಲಿತ್ತು. ಸರ್ಕಾರದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನನ್ನ ಕೆಲಸ. ರೈತರು ಚೀಲದಲ್ಲಿ ಮಣ್ಣು ತರುತ್ತಾರೆ. ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಅದರಲ್ಲಿ ಏನಿದೆ ಏನಿಲ್ಲ ಎಂದು ವರದಿ ಬರೆದುಕೊಡುತ್ತೇನೆ. ನನ್ನ ವರದಿ ನಂಬಿ ಊರೂರೇ ಗೊಬ್ಬರ ಹಾಕುತ್ತದೆ. ಮನೆಯಲ್ಲಿ ಮಾತ್ರ ನಾನು ಇವತ್ತು ಮಳೆ ಬರಬಹುದು ಅಂದರೆ, ಹೆಂಡತಿ ಫೋನೆತ್ತಿ "ಭಾವನ್ನ ಒಂದ್ಮಾತು ಕೇಳೋಣ" ಅನ್ನುತ್ತಾಳೆ.

ಇರಲಿ. ಜರಡಿ ಹಿಡಿಯುವಾಗ ಮೇಲೆ ಕಲ್ಲು, ಬೇರು, ಒಮ್ಮೊಮ್ಮೆ ಹಳೆಯ ಮಡಕೆಯ ಚೂರು ಉಳಿಯುತ್ತವೆ. ಮಗಳು ಚಿಕ್ಕವಳಿದ್ದಾಗ ಆಡಲಿ ಎಂದು ಆ ಚೂರುಗಳನ್ನು ಜೇಬಿಗೆ ಹಾಕಿಕೊಂಡು ಬರುತ್ತಿದ್ದೆ. ಉಳಿದ ಮಕ್ಕಳು ಗೊಂಬೆಗೆ ಅತ್ತರೆ ಇವಳು ಮಡಕೆಯ ಕಂಠಕ್ಕೆ ಅಳುತ್ತಿದ್ದಳು. ಈಗ ಕಾಲೇಜು ಸೇರುವ ವಯಸ್ಸು. ಚಪ್ಪಲಿಯ ಡಬ್ಬಿಗಳ ತುಂಬ ಚೂರುಗಳು. ಇತಿಹಾಸ ಓದುತ್ತೇನೆ, ನೆಲ ಅಗೆದು ಹಳೆಯ ಊರು ಹುಡುಕುತ್ತೇನೆ ಅನ್ನುತ್ತಾಳೆ. ನನಗೆ ಎದೆ ಉಬ್ಬಿತು. ಭಾವನಿಗೆ ಹುಬ್ಬು ಏರಿತು.

"ಇತಿಹಾಸ? ಓಡಿನ ಚೂರು ಓದ್ಕೊಂಡೋರಿಗೆ ಕೆಲಸ ಯಾರಪ್ಪ ಕೊಡ್ತಾರೆ? ಲೆಕ್ಕಶಾಸ್ತ್ರ ಓದಿಸು."

"ಅವಳ ಇಷ್ಟ ಭಾವ."

"ಅವಳಿಗೆ ಇಷ್ಟ ಗೊತ್ತು, ಕಷ್ಟ ಗೊತ್ತಾ?"

ಮಗಳಿಗೆ ಮ್ಯೂಸಿಯಂ ತೋರಿಸೋಣ, ಚಪ್ಪಲಿ ಡಬ್ಬಿಯಿಂದಾಚೆಗೂ ಈ ವಿದ್ಯೆಯಿದೆ ಎಂದು ಎಲ್ಲರೂ ಕಣ್ಣಾರೆ ನೋಡಲಿ ಎಂದು ನಾನೇ ಮಹಾನಗರದ ಪ್ರವಾಸ ಹೊರಡಿಸಿದೆ. ಎರಡೂ ಸಂಸಾರ ಒಟ್ಟಿಗೆ. ಆ ನಗರದಲ್ಲಿ ದೊಡ್ಡ ಮ್ಯೂಸಿಯಮ್ಮುಗಳೆಲ್ಲ ಒಂದೇ ಬೀದಿಯ ಎರಡು ಬದಿಗೆ ಬೀಗರ ಹಾಗೆ ಎದುರುಬದುರು ಕೂತಿವೆ. ಅಲ್ಲೇ ಪಕ್ಕದಲ್ಲಿ ಇಳಿದುಕೊಂಡರೆ ಓಡಾಡಿಕೊಂಡು ನೋಡಬಹುದು ಎಂದು ನನ್ನ ವಾದ. ಭಾವ ಒಪ್ಪಲಿಲ್ಲ. ಅವರಿಗೆ ಬೇಕಾದದ್ದು ನಗರದ ಆಚೆ ತುದಿಯ ಗಾಜಿನ ಹೋಟೆಲು, ಒಳಗೆ ಕಾರಂಜಿ, ಬಾಗಿಲಲ್ಲಿ ಸಲಾಮು.

"ಅಲ್ಲಿಂದ ಮ್ಯೂಸಿಯಮ್ಮಿಗೆ ಹೋಗೋಷ್ಟರಲ್ಲಿ ನಾವೇ ಮ್ಯೂಸಿಯಂ ಸೇರೋ ವಯಸ್ಸಾಗಿರುತ್ತೆ ಭಾವ" ಅಂದೆ.

ಮಗಳು ನಕ್ಕಳು. ಹೆಂಡತಿ ನಗಲಿಲ್ಲ. ಭಾವ ನನ್ನ ಫೋನು ಇಸಿದುಕೊಂಡು, ನಾನು ಗುರುತು ಮಾಡಿಟ್ಟಿದ್ದ, ಮ್ಯೂಸಿಯಮ್ಮಿನ ಹಿಂದಿನ ಓಣಿಯ ಹೋಟೆಲಿನ ಬಗ್ಗೆ ಹಿಂದೆ ಹೋಗಿಬಂದವರು ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದರು.

"ಕೇಳಿ. ಒಬ್ಬ ಬರೀತಾನೆ, 'ಸ್ವರ್ಗ.' ಕೆಳಗೆ ಇನ್ನೊಬ್ಬ, 'ಸ್ವರ್ಗಕ್ಕೆ ಹೋಗುವ ದಾರಿ, ಲಿಫ್ಟಿನಲ್ಲಿ ಸ್ವಲ್ಪದರಲ್ಲಿ ತಪ್ಪಿತು.' ಒಬ್ಬಳು, 'ಹಾಸಿಗೆ ಮೋಡದ ಹಾಗಿದೆ.' ಇನ್ನೊಬ್ಬಳು, 'ಹಾಸಿಗೆಯ ನಡುವೆ ಗುಂಡಿ, ಗಂಡ ಅದರೊಳಗೆ ಹೋದವರು ಬೆಳಗ್ಗೆಯೇ ಬಂದರು.' ಒಬ್ಬ, 'ಮಾಲೀಕರಮ್ಮ ತಾಯಿಯಂಥವರು.' ಇನ್ನೊಬ್ಬ, 'ಮಾಲೀಕರಮ್ಮ ಅತ್ತೆಯಂಥವರು.' ಇದೇನಪ್ಪ ಇದು? ಅರ್ಧ ಜನ ಹೊಗಳ್ತಾರೆ, ಅರ್ಧ ಜನ ಉಗೀತಾರೆ. ಇಂಥ ಕಡೆ ಹೋಗಿ ಇಳಿಯೋದೂ ಒಂದೇ, ಬಾವಿಗೆ ಹಾರೋದೂ ಒಂದೇ."

"ಆಳ ಗೊತ್ತಿರೋ ಬಾವಿಗೆ ಹಾರಬಹುದು ಭಾವ. ಮೋಡದ ನಡುವೆಯೂ ಗುಂಡಿ ಇರುತ್ತೆ. ತಾಯಿಯಂಥೋರು ಸೊಸೆಗೆ ಅತ್ತೆ ಆಗಿರ್ತಾರೆ. ಎರಡು ಕಡೆಯೋರೂ ಸತ್ಯವನ್ನೇ ಬರೆದಿದಾರೆ."

"ನಿನಗೆ ಮಣ್ಣು ಗೊತ್ತು ಕಣಪ್ಪ. ಹೋಟೆಲು ಗೊತ್ತಿಲ್ಲ."

ಈ ಒಂದು ಮಾತು ನನ್ನ ಬೆನ್ನಿಗೆ ಬಿತ್ತು. ಮಣ್ಣು ಗೊತ್ತಿರುವವನಿಗೆ ಗೊತ್ತಿಲ್ಲದ್ದು ಏನಿದೆ? ಹೊಲದ ಮಣ್ಣು ಒಂದು ಕಡೆ ಸಾರವಾಗಿರುತ್ತದೆ, ಒಂದು ಕಡೆ ಬಂಜರಾಗಿರುತ್ತದೆ. ಹಾಗಂತ ನಾವು ಹೊಲ ಬಿಟ್ಟು ಓಡಿಹೋಗುತ್ತೇವೆಯೇ? ಅಂಕುಡೊಂಕಾಗಿ ನಡೆದು ಅಲ್ಲಲ್ಲಿ ಒಂದೊಂದು ಹಿಡಿ ತೆಗೆದು, ಎಲ್ಲವನ್ನೂ ಬಟ್ಟೆಯ ಮೇಲೆ ಬೆರೆಸಿ, ವೃತ್ತಾಕಾರ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಎಸೆದು, ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ಪಾಲು ಮಾಡಿ, ಕೊನೆಗೆ ಒಂದು ಸಣ್ಣ ಚೀಲದಷ್ಟು ಉಳಿಸಿಕೊಳ್ಳುತ್ತೇವೆ. ಆ ಚೀಲದಲ್ಲಿ ಇಡೀ ಹೊಲದ ಸತ್ಯ ಇರುತ್ತದೆ. ಇದು ಶಾಸ್ತ್ರ.

ಆ ಶಾಸ್ತ್ರವನ್ನೇ ಪ್ರಯೋಗಿಸಿದೆ. ಆ ಹೋಟೆಲಿನ ಬಗ್ಗೆ ಬಂದಿದ್ದ ಅಭಿಪ್ರಾಯಗಳನ್ನೆಲ್ಲ ಕಾಗದಕ್ಕೆ ಇಳಿಸಿ, ಕತ್ತರಿಯಿಂದ ಒಂದೊಂದಾಗಿ ಚೀಟಿ ಮಾಡಿ, ನಡುಮನೆಯಲ್ಲಿ ಹೊದಿಕೆ ಹಾಸಿ, ಎರಡು ಕೈಯಲ್ಲೂ ಬೆರೆಸಿದೆ. ಪಾಲು ಮಾಡಿದೆ. ಎದುರುಬದುರಿನದನ್ನು ಎಸೆದೆ. ಹೆಂಡತಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ರೀ, ಏನು ಬಂತು ವರದಿ? ಎಕರೆಗೆ ಎಷ್ಟು ಗೊಬ್ಬರ ಹಾಕಬೇಕಂತೆ?"

"ನಗು. ಶಾಸ್ತ್ರ ನಿನ್ನ ನಗುವಿಗೆ ಹೆದರೋಲ್ಲ."

"ಅಲ್ರೀ, ಎಸೆದ್ರಲ್ಲ ಆ ಅರ್ಧ, ಅದರಲ್ಲೇನಿತ್ತು?"

"ಎಸೆದದ್ದನ್ನು ನೋಡಬಾರದು. ನೋಡಿದರೆ ಮನಸ್ಸು ಕೆಡುತ್ತೆ. ನಿಯಮ ಇದೆ."

ಕೊನೆಗೆ ಉಳಿದ ಚೀಟಿಗಳನ್ನು ಓದಿದೆ. ಮೋಡ, ತಾಯಿ, ಸ್ವರ್ಗ, 'ಕಿಟಕಿ ತೆರೆದರೆ ಮ್ಯೂಸಿಯಮ್ಮಿನ ಗೋಡೆ ಮುಟ್ಟಬಹುದು'. ನಡುವೆ ಒಂದೇ ಒಂದು ಗೊಣಗಾಟ, ಯಾರದೋ ಒದ್ದೆ ಟವೆಲಿನದು. ಅಲ್ಲೇ ವರದಿ ಬರೆದೆ: ಉತ್ತಮಕ್ಕೆ ಹತ್ತಿರವಾದ ಮಧ್ಯಮ. ಫೋನಿನಲ್ಲಿ ಭಾವನಿಗೆ ಓದಿ ಹೇಳಿದೆ.

"ಸರಿ ಕಣಪ್ಪ. ನಿನ್ನ ಹೋಟೆಲಿಗೇ ಹೋಗೋಣ. ಆದರೆ ಒಂದು ಮಾತು. ಒಂದು ನಲ್ಲಿ ತೊಟ್ಟಿಕ್ಕಿದರೂ ಸರಿ, ಒಂದು ಬಾಗಿಲು ಕಿರುಗುಟ್ಟಿದರೂ ಸರಿ, ಒಂದು ಹೋಟೆಲು ಆರಿಸೋಕೆ ಬಾರದೋನು ಮಗಳ ಓದು ಆರಿಸೋ ಹಾಗಿಲ್ಲ. ಅದನ್ನ ನಾನು ಆರಿಸ್ತೀನಿ. ಏನಂತೀಯ?"

ಬುದ್ಧಿಯಿದ್ದವನು ಸುಮ್ಮನಿರುತ್ತಿದ್ದ. ಆದರೆ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳ ಹಿಂದೆ ಅವಳಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಕಾಯುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, "ಒಪ್ಪಿದೆ. ಹೋಟೆಲು ಚೆನ್ನಾಗಿದ್ದರೆ ಅವಳು ಇತಿಹಾಸವೇ ಓದ್ತಾಳೆ, ಆಮೇಲೆ ನೀವು ತುಟಿಪಿಟಕ್ಕೆನ್ನೋ ಹಾಗಿಲ್ಲ!" ಅಂದೆ. ಪಾಪ, ಎಲ್ಲೋ ಇರುವ ಹೋಟೆಲೊಂದರ ನಲ್ಲಿಯ ಮೇಲೆ ನನ್ನ ಮಗಳ ಭವಿಷ್ಯ ನಿಂತಿತು.

ಹೋಟೆಲು ಹಳೆಯ ಕಲ್ಲಿನ ಕಟ್ಟಡ. ಮೆಟ್ಟಿಲಿನ ಕಟಾಂಜನ ಸಾವಿರಾರು ಕೈ ಸವರಿ ನುಣುಪಾಗಿತ್ತು. ಕೌಂಟರಿನ ಹಿಂದೆ ಮಾಲೀಕರಮ್ಮ, ಬೆಳ್ಳಿಕೂದಲು, ಸೊಂಟದಲ್ಲಿ ಒಂದು ಸೆರೆಮನೆಗಾಗುವಷ್ಟು ಬೀಗದ ಕೈ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಕಾಲು ಒರೆಸ್ಕೊಂಡು ಬನ್ನಿ" ಅಂದರು. ತಾಯಿ ಮತ್ತು ಅತ್ತೆ ಎರಡೂ ಒಂದೇ ವಾಕ್ಯದಲ್ಲಿದ್ದವು. ನನ್ನ ವಿಶ್ಲೇಷಣೆ ಸರಿಯಾಗಿದೆ ಎಂದು ಎದೆಯುಬ್ಬಿಸಿ ಮೆಟ್ಟಿಲು ಹತ್ತಿದೆ.

ನಮ್ಮ ಕೋಣೆಯ ಸ್ನಾನದ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

ಎದೆಯುಬ್ಬು ಅಲ್ಲೇ ಇಳಿಯಿತು. ನಮ್ಮದೇ ಹೀಗಾದರೆ ಪಕ್ಕದಲ್ಲಿ ಭಾವನ ನಲ್ಲಿ ಏನು ಮಾಡುತ್ತಿರಬಹುದು? ಕೆಳಗೆ ಓಡಿದೆ. ಭಾವ ಇನ್ನೂ ಪೆಟ್ಟಿಗೆಗಳನ್ನು ಎಣಿಸುತ್ತಿದ್ದರು.

"ಅಮ್ಮಾ, ನಲ್ಲಿ ಸೋರ್ತಿದೆ. ರಿಪೇರಿಯೋರನ್ನ ಕಳಿಸಿ, ಬೇಗ!" ಅಂದೆ ಪಿಸುದನಿಯಲ್ಲಿ.

"ರಿಪೇರಿಯೋನು ಮಗಳ ಹೆರಿಗೆ ಅಂತ ಹೋಗಿದಾನೆ ಸಾರ್. ಬರ್ತಾನೆ."

"ಯಾವಾಗ?"

"ಹೆರಿಗೆ ಆಗಬೇಕಲ್ಲ ಸಾರ್. ನಮ್ಮ ಕೈಲಿದೆಯಾ?"

ನಾನು ಹೊಲದ ಪಂಪನ್ನು ಬಿಚ್ಚಿ ಜೋಡಿಸುತ್ತ ಬೆಳೆದವನು. ಅದು ಕೆಟ್ಟಾಗಲೆಲ್ಲ ಅಪ್ಪ ನನ್ನನ್ನೇ ಕರೆಯುತ್ತಿದ್ದರು. "ಸ್ಪ್ಯಾನರ್ ಇದೆಯಾ?" ಅಂದೆ. ಮಾಲೀಕರಮ್ಮ ಕೌಂಟರಿನ ಕೆಳಗಿನಿಂದ ಒಂದು ಚೀಲ ತೆಗೆದು ಮುಂದಿಟ್ಟರು. ಇಷ್ಟು ಬೇಗ ಯಾಕೆ ತೆಗೆದರು ಎಂದು ನನಗೆ ಆಗ ಹೊಳೆಯಲಿಲ್ಲ. ಇಂಥ ದಿನಕ್ಕಾಗಿಯೇ ಎಷ್ಟು ಕಾಲದಿಂದ ಕಾದಿದ್ದರೋ.

ಭಾವ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರ ಕೋಣೆಯ ನಲ್ಲಿಗೆ ಹೊಸ ವಾಷರ್ ಹಾಕಿ, ಬಾಗಿಲಿನ ತಿರುಗಣಿಗೆ ತಲೆಗೆ ಹಚ್ಚುವ ಎಣ್ಣೆ ಬಿಟ್ಟು, ಬನಿಯನ್ನಿನಿಂದ ಕೈ ಒರೆಸಿಕೊಂಡು, ಕಿಟಕಿಯ ಹತ್ತಿರ ಪ್ರಕೃತಿ ವೀಕ್ಷಣೆ ಮಾಡುತ್ತ ನಿಂತಿದ್ದೆ. ಭಾವ ಸ್ನಾನದ ಮನೆ ಹೊಕ್ಕು ನಲ್ಲಿ ತಿರುಗಿಸಿದರು, ನಿಲ್ಲಿಸಿದರು. ಕಿವಿಗೊಟ್ಟರು. ಒಂದು ಹನಿ ಇಲ್ಲ. ಬಾಗಿಲು ತೆರೆದರು, ಮುಚ್ಚಿದರು. ಒಂದು ಕಿರುಗುಟ್ಟು ಇಲ್ಲ. ಅವರ ಮುಖದಲ್ಲಿ, ಪರೀಕ್ಷೆಯಲ್ಲಿ ನಕಲು ಹೊಡೆಯುವವನು ಸಿಗದೇ ಹೋದ ಮೇಷ್ಟರ ನಿರಾಶೆ.

"ಹ್ಞೂಂ" ಅಂದರು.

ಆ "ಹ್ಞೂಂ" ಕೇಳಿಸಿಕೊಂಡು ನಾನು ಒಳಗೇ ಕುಣಿದೆ. ಕುಣಿದದ್ದೇ ತಪ್ಪಾಯಿತು, ಮೈಮೇಲೆ ಆವೇಶ ಬಂದುಬಿಟ್ಟಿತು. ಈ ಹೋಟೆಲು ಚೆನ್ನಾಗಿದೆ ಎಂದು ನಾನು ಹೇಳಿಯಾಗಿದೆ, ಇನ್ನು ಅದು ಚೆನ್ನಾಗಿರದೆ ಹೋಗಲು ಅದಕ್ಕೆ ಯಾವ ಹಕ್ಕೂ ಇಲ್ಲ!

ಮರುದಿನ ಬೆಳಿಗ್ಗೆ ಎಲ್ಲರೂ ಮ್ಯೂಸಿಯಮ್ಮಿಗೆ ಸಿದ್ಧರಾದರು. ನಾನೂ ಬೂಟು ಹಾಕಿಕೊಂಡೆ. ಅಷ್ಟರಲ್ಲಿ ಅತ್ತಿಗೆ, ಅಂದರೆ ಭಾವನ ಹೆಂಡತಿ, "ಬಿಸಿನೀರು ಯಾಕೋ ಉಗುರುಬೆಚ್ಚಗೆ ಬಂತಪ್ಪ" ಅಂದರು. ಭಾವನ ಕಿವಿ ಮೊಲದ ಕಿವಿಯ ಹಾಗೆ ನೆಟ್ಟಗಾಯಿತು.

"ನಗರದಲ್ಲಿ ಆರೋಗ್ಯಕ್ಕೆ ಅಷ್ಟೇ ಬಿಸಿ ಇಡ್ತಾರೆ ಅತ್ತಿಗೆ. ಸಂಜೆಗೆ ನೋಡಿ, ಬೇರೆ ಥರ ಇರುತ್ತೆ" ಅಂದೆ. "ನೀವೆಲ್ಲ ನಡೀರಿ. ನನಗೆ ಯಾಕೋ ಹೊಟ್ಟೆ ಸ್ವಲ್ಪ... ಹಿಂದೇ ಬಂದೆ."

ಬಿಸಿನೀರಿನ ಗೀಸರ್ ಬಿಚ್ಚಿದೆ. ಅದನ್ನು ಮುಚ್ಚುವಾಗ ಕಿಟಕಿಯ ಚಿಲಕ ಕೈಗೆ ಬಂತು. ಚಿಲಕ ಕೂಡಿಸಿ ಇಳಿಯುವಾಗ ಲಿಫ್ಟು ನಡುವೆ ನಿಂತು ಏದುಸಿರು ಬಿಟ್ಟಿತು. ಲಿಫ್ಟಿಗೆ ನಾನು ಕೈ ಹಾಕಲಿಲ್ಲ. (ನನ್ನ ವಿದ್ಯೆಗೂ ಒಂದು ಮಿತಿ ಇದೆ, ಸಂಸಾರಸ್ಥನಿಗೆ ಜೀವದ ಮೇಲೆ ಆಸೆಯೂ ಇದೆ.) ಅದರ ಬಾಗಿಲಿಗೆ 'ಅತಿಥಿಗಳ ಆರೋಗ್ಯದ ಹಿತದೃಷ್ಟಿಯಿಂದ ಮೆಟ್ಟಿಲು ಬಳಸಿ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಮಾಲೀಕರಮ್ಮ ಓದಿ, "ಭಾಷೆ ಚೆನ್ನಾಗಿದೆ" ಅಂದರು. ಬಹಳ ದಿನದ ಮೇಲೆ ಒಬ್ಬರು ನನ್ನನ್ನು ಹೊಗಳಿದ್ದರು. ಆ ಖುಷಿಯಲ್ಲಿ ಹಾಸಿಗೆಯ ಗುಂಡಿಗಳಿಗೂ ಹಲಗೆ ಕೊಟ್ಟೆ.

ಮ್ಯೂಸಿಯಮ್ಮಿನಿಂದ ಬಂದವರ ಮುಖ ನೋಡಬೇಕಿತ್ತು. ಮಗಳು ಮಾತಾಡಿದ್ದೇ ಮಾತಾಡಿದ್ದು. ಸಾವಿರ ವರ್ಷದ ಮಡಕೆಯ ತಳದಲ್ಲಿ ಕುಂಬಾರನ ಹೆಬ್ಬೆರಳಿನ ಗುರುತು ಹಾಗೇ ಇದೆಯಂತೆ. "ಅಪ್ಪಾ, ನನ್ನ ಹೆಬ್ಬೆರಳು ಅದಕ್ಕೆ ಸರಿಯಾಗಿ ಕೂರುತ್ತೆ. ಗಾಜಿನ ಆಚೆಯಿಂದ ಹಿಡಿದು ನೋಡಿದೆ! ನೀವು ಬರ್ಲೇಬೇಕು ನಾಳೆ."

"ನಾಳೆ ಖಂಡಿತ" ಅಂದೆ.

ನಾಳೆ ಗಟಾರ ಕಟ್ಟಿಕೊಂಡಿತು. ನಾಡಿದ್ದು ದೀಪಗಳು ಮಿಣಕ್ ಮಿಣಕ್ ಅಂದವು. ನನ್ನ ಹೊಟ್ಟೆಯ ಬಗ್ಗೆ ಅತ್ತಿಗೆ ಮರುಕದಿಂದ ವಿಚಾರಿಸತೊಡಗಿದರು. ಭಾವ ತಮ್ಮ ಕಂಪನಿಯ ಮಾತ್ರೆ ಕೊಟ್ಟು, ಎದುರಿಗೇ ನಿಂತು ನುಂಗಿಸಿದರು. (ಇಲ್ಲದ ರೋಗಕ್ಕೆ ತಿಂದ ಔಷಧಿ ಇರುವ ರೋಗವನ್ನು ತರುತ್ತದೆ ಎಂಬುದಕ್ಕೆ ಆ ಮಧ್ಯಾಹ್ನವೇ ಸಾಕ್ಷಿ.) ಇತ್ತ ಮಾಲೀಕರಮ್ಮ ಮೊದಲು ಸಾರ್ ಅನ್ನುತ್ತಿದ್ದವರು ತಮ್ಮಾ ಅಂದರು, ಆಮೇಲೆ ಬರೀ ಚಪ್ಪಾಳೆ ತಟ್ಟಿ ಕರೆಯತೊಡಗಿದರು. ತಾವು ಮಾರುಕಟ್ಟೆಗೆ ಹೋಗುವಾಗ ಬೀಗದ ಕೈ ಗೊಂಚಲನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ, "ಫೋನ್ ಬಂದರೆ ಎತ್ತು" ಅಂದು ಹೋದರು.

ಅಂಥ ಹೊತ್ತಿನಲ್ಲೇ ಆ ಗಿರಾಕಿ ಇಳಿದು ಬಂದದ್ದು. ತಲೆ ತುಂಬ ಸೋಪಿನ ನೊರೆ, ಸೊಂಟದಲ್ಲಿ ಟವೆಲು.

"ಏನ್ರೀ ಇದು ಹೋಟೆಲು? ಅರ್ಧ ಸ್ನಾನದಲ್ಲಿ ನೀರು ನಿಂತೋಯ್ತು! ಹೋಟೆಲೋ ಮರುಭೂಮಿಯೋ?"

ಆತ ಎಷ್ಟು ಬೇಕಾದರೂ ಕೂಗಿಕೊಳ್ಳಲಿ, ನನಗೇನು? ಆದರೆ ಹೊರಗಿನ ಮೆಟ್ಟಿಲ ಮೇಲೆ ಭಾವನ ಬೂಟಿನ ಸದ್ದು ಕೇಳಿಸಿತು. ಮ್ಯೂಸಿಯಮ್ಮಿಗೆ ಹೋದವರು ಊಟಕ್ಕೆ ಬರುತ್ತಿದ್ದರು.

"ಮೆಲ್ಲಗೆ ಮಾತಾಡಿ ಸ್ವಾಮಿ" ಅಂದೆ.

"ಯಾಕ್ರೀ ಮೆಲ್ಲಗೆ? ಊರಿಗೆಲ್ಲ ಕೇಳಲಿ! ನೀರಿಲ್ಲ ಅಂದ್ರೆ ನೀರಿಲ್ಲ!"

"ನೀರಿದೆ! ನೀವು ಇಷ್ಟೊಂದು ಸುರ್ಕೊಂಡ್ರೆ ಯಾವ ಟ್ಯಾಂಕು ತಡೆಯುತ್ತೆ? ಮನುಷ್ಯ ಅಂದಮೇಲೆ ಒಂದು ಮಿತಿ ಬೇಡವಾ? ನಮ್ಮ ಕಡೆ ಎಮ್ಮೆ ತೊಳೆಯೋಕೂ ಇಷ್ಟು ನೀರು ಬೇಡ!"

"ಎಮ್ಮೆ? ಯಾರ್ರೀ ನೀವು ನನ್ನ ಕೇಳೋಕೆ?"

ಒಂದು ಕೈಯಲ್ಲಿ ಸ್ಪ್ಯಾನರ್, ಸೊಂಟದಲ್ಲಿ ಬೀಗದ ಕೈ ಗೊಂಚಲು, ಬಾಗಿಲಲ್ಲಿ ಭಾವನ ನೆರಳು. "ನಾನು ಈ ಹೋಟೆಲಿನ ಕಡೆಯೋನು!" ಎಂದು ಗುಡುಗಿ, ಆತನ ನೊರೆ ತಲೆಯನ್ನು ಹಿಡಿದು ಮೆಟ್ಟಿಲಿನ ಕಡೆ ತಿರುಗಿಸಿ, ಬೆನ್ನಿಗೆ ಕೈಕೊಟ್ಟು ಹತ್ತಿಸಿಬಿಟ್ಟೆ. ಭಾವ ಒಳಗೆ ಕಾಲಿಡುವ ಮೊದಲೇ ಕೀ ಗೊಂಚಲನ್ನು ಕೌಂಟರಿಗೆ ಎಸೆದು, ಹಿಂದಿನ ಬಾಗಿಲಿನಿಂದ ತಾರಸಿಗೆ ಓಡಿದೆ.

ಟ್ಯಾಂಕಿನಲ್ಲಿ ನೀರು ತಡೆಯುವ ಚೆಂಡು ಸಿಕ್ಕಿಕೊಂಡು, ನೀರು ಒಳಗೆ ಬರುವುದೇ ನಿಂತಿತ್ತು. ಅಂಗಿ ಬಿಚ್ಚಿಟ್ಟು ಭುಜದ ತನಕ ಕೈ ಇಳಿಸಿ ತಡಕಾಡುತ್ತ ತಲೆ ಎತ್ತಿದೆ. ಎದುರಿಗೇ ಮ್ಯೂಸಿಯಮ್ಮಿನ ಎತ್ತರದ ಗಾಜಿನ ಕಿಟಕಿ. ಇಷ್ಟು ದಿನದಲ್ಲಿ ನಾನು ನೋಡಿದ ಮ್ಯೂಸಿಯಂ ಅದೇ. ಅದರೊಳಗೆ ನನ್ನ ಮಗಳಿದ್ದಳು. ಊಟಕ್ಕೆ ಬಂದವರ ಜೊತೆ ಅವಳು ಬಂದಿರಲಿಲ್ಲ, ಹಸಿವನ್ನೂ ಮರೆತು ಅಲ್ಲೇ ಉಳಿದಿದ್ದಳು. ಒಂದು ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿ, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಅಜ್ಜ ಅಜ್ಜಿಗೆ ಕೈ ಆಡಿಸುತ್ತ ಏನನ್ನೋ ವಿವರಿಸುತ್ತಿದ್ದಳು. ಮಡಕೆ ಹೇಗೆ ತಿರುಗಿರಬಹುದು ಎಂದು ಎರಡು ಕೈಯಲ್ಲಿ ತೋರಿಸಿದಳು. ಅಜ್ಜ ತಲೆದೂಗಿದರು. ಅಜ್ಜಿ ಅವಳ ಕೆನ್ನೆ ಮುಟ್ಟಿದರು.

ಟ್ಯಾಂಕಿನ ತಳದಲ್ಲಿ ಉಳಿದಿದ್ದ ನೀರು ತಣ್ಣಗಿತ್ತು. ನಾನು ಕೈ ತೆಗೆಯುವುದನ್ನೇ ಮರೆತು ನಿಂತಿದ್ದೆ. ಸಿಕ್ಕಿಕೊಂಡಿದ್ದ ಚೆಂಡು ತಾನಾಗಿ ಬಿಟ್ಟುಕೊಂಡು ನೀರು ಧಡಧಡ ಮುಖಕ್ಕೇ ಹಾರಿದಾಗ ಎಚ್ಚರವಾಯಿತು. ಕೆಳಗಿನಿಂದ, "ಬಂತು ಬಂತು!" ಎಂಬ ನೊರೆ ತಲೆಯವನ ಆನಂದೋದ್ಗಾರ. ಬರಲಿ ಬಿಡಿ. ಅವಳು ಅಲ್ಲಿ ಮಡಕೆ ತಿರುಗಿಸುತ್ತಿರುವಷ್ಟು ಹೊತ್ತು ಈ ಹೋಟೆಲಿನ ಪ್ರತಿಯೊಂದು ನಲ್ಲಿಯನ್ನೂ ನಾನು ಬಾಯಿಂದ ಕಚ್ಚಿ ಹಿಡಿಯುತ್ತೇನೆ ಎಂದುಕೊಂಡೆ.

ಹೊರಟ ದಿನ ರೈಲಿನಲ್ಲಿ ಭಾವ ಕಾಲು ಚಾಚಿ ಕೂತು ತೀರ್ಪು ಕೊಟ್ಟರು. "ಹೋಟೆಲು ಪರವಾಗಿಲ್ಲ ಕಣಪ್ಪ." ಭಾವನ ಬಾಯಲ್ಲಿ ಪರವಾಗಿಲ್ಲ ಅಂದರೆ ಉಳಿದವರ ಬಾಯಲ್ಲಿ ಚಿನ್ನದ ಪದಕ. ನಾನು ಗೆದ್ದಿದ್ದೆ! ಗೆಲುವಿನ ಭಾಷಣಕ್ಕೆ ಬಾಯಿ ತೆರೆದೆ, ಅಷ್ಟರಲ್ಲಿ ಭಾವನೇ ಶುರುಮಾಡಿದರು.

"ನಾನು ಅವತ್ತೇ ಹೇಳಿರಲಿಲ್ವಾ, ನೋಡಿಕೊಂಡು ಆರಿಸು ಅಂತ? ನಾನು ಅಷ್ಟು ಬಿಗಿ ಮಾಡಿದ್ದಕ್ಕೇ ನೀನು ಇಷ್ಟು ಚೆನ್ನಾಗಿ ಆರಿಸಿದೆ" ಎಂದರು ಭಾವ. "ಇನ್ನೊಂದು ಮಾತು. ಮ್ಯೂಸಿಯಮ್ಮಿನಲ್ಲಿ ಈ ಹುಡುಗಿ ವಿವರಿಸ್ತಾ ಇದ್ರೆ ಜನ ಗುಂಪು ಸೇರ್ತಿದ್ರು. ನಾನು ಯೋಚನೆ ಮಾಡಿ ತೀರ್ಮಾನಕ್ಕೆ ಬಂದಿದೀನಿ. ಇವಳನ್ನ ಇತಿಹಾಸಕ್ಕೇ ಸೇರಿಸಬೇಕು. ನೀನು ಅಡ್ಡ ಬರಬೇಡ."

"ನಾನಾ? ಅಡ್ಡ?"

"ನಿನಗೆ ಆಸಕ್ತಿ ಇಲ್ಲ, ಗೊತ್ತು. ಅಷ್ಟು ದೂರ ಬಂದು ಒಂದು ಮ್ಯೂಸಿಯಮ್ಮಿಗೂ ಕಾಲಿಡಲಿಲ್ಲ. ಹೊಟ್ಟೆ ನೋವಂತೆ! ಮಗಳ ಓದಿನ ವಿಷಯದಲ್ಲಾದರೂ ಸ್ವಲ್ಪ ದೊಡ್ಡದಾಗಿ ಯೋಚನೆ ಮಾಡಪ್ಪ."

"ಹೌದ್ರೀ" ಎಂದು ನನ್ನ ಹೆಂಡತಿ ದನಿಗೂಡಿಸಿದಳು. ನನ್ನ ಬಾಯಿ ತೆರೆದದ್ದು ಹಾಗೇ ಇತ್ತು. ಮಗಳು ಕಿಟಕಿಯ ಪಕ್ಕ ಕೂತು ನನ್ನ ಕಡೆ ನೋಡಿ ಕಣ್ಣರಳಿಸಿ ನಕ್ಕಳು. ಆ ನಗುವೊಂದಿದ್ದರೆ ಭಾಷಣ ಯಾರಿಗೆ ಬೇಕು ಎಂದು ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಹೆಂಡತಿ ಫೋನು ನೋಡುತ್ತ, "ಅಯ್ಯೋ, ನಮ್ಮ ಹೋಟೆಲಿನ ಬಗ್ಗೆ ಯಾರೋ ಹೊಸದಾಗಿ ಬರೆದಿದಾರೆ ಭಾವ. ಒಂದೇ ನಕ್ಷತ್ರ ಕೊಟ್ಟಿದಾರೆ!" ಅಂದಳು.

"ಓದು, ಓದು."

"'ಹೋಟೆಲು ಪರವಾಗಿಲ್ಲ. ಸಿಬ್ಬಂದಿ ಅನಾಗರಿಕ. ಸ್ಪ್ಯಾನರ್ ಹಿಡಿದ ಕನ್ನಡಕದ ಒರಟನೊಬ್ಬ ನನ್ನನ್ನು ಎಮ್ಮೆಗೆ ಹೋಲಿಸಿ, ತಲೆ ಹಿಡಿದು ತಿರುಗಿಸಿ, ಮೆಟ್ಟಿಲು ಹತ್ತಿಸಿದ. ಈ ಒಂದು ನಕ್ಷತ್ರವೂ ನೀರಿಗೆ, ಅವನಿಗಲ್ಲ.'"

"ನಾವಿದ್ದಾಗ ಅಂಥೋನು ಯಾರೂ ಕಣ್ಣಿಗೆ ಬೀಳಲಿಲ್ಲವಲ್ಲ!" ಎಂದರು ಅತ್ತಿಗೆ.

"ಇರಿ, ಕೆಳಗೆ ಮಾಲೀಕರಮ್ಮನ ಉತ್ತರ ಇದೆ. 'ತಮಗಾದ ತೊಂದರೆಗೆ ವಿಷಾದಿಸುತ್ತೇವೆ. ಸದರಿ ನೌಕರನನ್ನು ಕೆಲಸದಿಂದ ವಜಾ ಮಾಡಲಾಗಿದೆ.'"

ನಾನು ಸರ್ಕಾರಿ ನೌಕರ. ನಮ್ಮಲ್ಲಿ ಒಬ್ಬನನ್ನು ವಜಾ ಮಾಡಬೇಕಾದರೆ ಕಾರಣ ಕೇಳಿ ನೋಟಿಸು ಕೊಡಬೇಕು, ವಿಚಾರಣೆ ನಡೆಸಬೇಕು, ಅಹವಾಲು ಆಲಿಸಬೇಕು. ಇಷ್ಟು ವರ್ಷದ ಕಳಂಕವಿಲ್ಲದ ಸೇವೆಯಲ್ಲಿ ಮೊದಲ ಸಲ ನಾನು ವಜಾ ಆಗಿದ್ದೆ, ಅದೂ ಸೇರದೇ ಇದ್ದ ಕೆಲಸದಿಂದ!

"ಅನ್ಯಾಯ!" ಎಂದು ಕೂಗಿದೆ. "ನೋಟಿಸು ಕೊಡದೆ ಹೀಗೆ ತೆಗೆಯೋ ಹಾಗೇ ಇಲ್ಲ!"

"ತೆಗೆದದ್ದೇ ಸರಿ" ಎಂದರು ಭಾವ. "ಒಬ್ಬ ಒರಟನಿಂದ ಎಷ್ಟು ಒಳ್ಳೇ ಹೋಟೆಲಿಗೆ ಕೆಟ್ಟ ಹೆಸರು ನೋಡು. ನೀನ್ಯಾಕೆ ಅವನ ಪರ ವಹಿಸ್ತೀಯ? ಹೋಟೆಲು ಚೆನ್ನಾಗಿತ್ತೋ ಇಲ್ವೋ, ಅದನ್ನ ಹೇಳು."

ನಾನು ಮಗಳನ್ನು ನೋಡಿದೆ. ಅವಳ ಮಡಿಲಲ್ಲಿ ಮ್ಯೂಸಿಯಮ್ಮಿನಿಂದ ತಂದ ಮಡಕೆಯ ಚಿತ್ರವಿತ್ತು.

"ಚೆನ್ನಾಗಿತ್ತು" ಅಂದೆ. "ತೆಗೆದದ್ದೇ ಸರಿ."

ಭಾವ ಸಮಾಧಾನದಿಂದ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಹೆಂಡತಿ ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದು, ನನ್ನ ಬಲಗೈ ತೆಗೆದುಕೊಂಡು, ಉಗುರಿನ ಸಂದಿಯ ಕರಿಯನ್ನು ಒಂದೊಂದಾಗಿ ನೋಡಿದಳು.

"ಪಾಪ ರೀ ಆ ಮನುಷ್ಯ. ಕೆಲಸ ಹೋಯ್ತು."

"ಹ್ಞಾಂ. ಪಾಪ."

"ನಾನು ಒಂದು ಯೋಚನೆ ಮಾಡಿದೀನಿ. ನಮ್ಮ ಅಡುಗೆಮನೆ ನಲ್ಲಿ ಸೋರೋಕೆ ಶುರುವಾಗಿ ಎಷ್ಟು ಕಾಲ ಆಯ್ತು? ಕೇಳಿದಾಗಲೆಲ್ಲ, ನನಗೆ ಮಣ್ಣು ಗೊತ್ತು, ನಲ್ಲಿ ಗೊತ್ತಿಲ್ಲ ಅಂತೀರ. ಹಿತ್ತಿಲ ಬಾಗಿಲು ಕಿರುಗುಟ್ಟುತ್ತೆ. ನಮ್ಮ ಗೀಸರೂ ಉಗುರುಬೆಚ್ಚಗೇ ಕೊಡುತ್ತೆ. ಆ ಮನುಷ್ಯನ್ನ ನಾಳೆಯಿಂದ ನಮ್ಮನೇಲೇ ಇಟ್ಕೊಂಡ್ರೆ ಹೇಗೆ?"

"ಅವನು ಒಪ್ಪಬೇಕಲ್ಲ!" ಅಂದೆ ಬೆನ್ನು ನೆಟ್ಟಗೆ ಮಾಡಿ. "ಅವನಿಗೂ ಒಂದು ಸ್ವಾಭಿಮಾನ ಅಂತ ಇರುತ್ತೆ. ಯಾರು ಕರೆದರೂ ಓಡಿ ಬರೋನಲ್ಲ ಅವನು."

ಹೆಂಡತಿ ಗೊರಕೆ ಹೊಡೆಯುತ್ತಿದ್ದ ಭಾವನ ಕಡೆ ತಿರುಗಿ, ಬಹಳ ಮೃದುವಾಗಿ, "ಭಾವಾ..." ಎಂದು ಕರೆಯಲು ಬಾಯಿ ತೆರೆದಳು.

"ಬರ್ತಾನೆ" ಅಂದೆ. "ಸ್ಪ್ಯಾನರ್ ಮಾತ್ರ ಹೊಸದು ಕೊಡಿಸಬೇಕು!"